ನಿರೀಕ್ಷೆ ಅಂದರೆ ಕಾಯುವುದು

ವಿಶಾಖಪಟ್ಟಣದ ಜಗದಾಂಬ ಜಂಕ್ಷನ್ನಿನಿಂದ ಹಳೇ ಊರಿನ ಕಡೆ ಹೋಗುವಾಗ ಕಣ್ಣಿಗೆ ಬೀಳುವ ಫ್ಲೆಕ್ಸುಗಳಲ್ಲಿ ಎರಡು ಬಗೆ. ಒಂದು ರಾಜಕಾರಣಿಗಳ ಹುಟ್ಟುಹಬ್ಬದ್ದು, ಇನ್ನೊಂದು ಕ್ರೈಸ್ತ ಮಹಾಸಭೆಗಳದ್ದು. ಎರಡರಲ್ಲೂ ಬಿಳಿ ಬಟ್ಟೆ ತೊಟ್ಟವರು ಕೈ ಎತ್ತಿ ನಿಂತಿರುತ್ತಾರೆ, ದೂರದಿಂದ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ, ಮೂರು ರಾತ್ರಿ ಬಂದು ಹೋದರೆ ಸಾಲ ತೀರುತ್ತದೆ, ಮಗನಿಗೆ ವೀಸಾ ಸಿಗುತ್ತದೆ, ಗೆಡ್ಡೆ ಕರಗುತ್ತದೆ ಅನ್ನುವ ಅರ್ಥದ ಮಾತುಗಳಿರುತ್ತವೆ. ನಾನೂ ಕ್ರೈಸ್ತನೇ. ಆದರೂ ಇವನ್ನು ನೋಡಿದಾಗ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಗುತ್ತದೆ. ನಾಲ್ಕನೇ ದಿನ ಬೆಳಿಗ್ಗೆ ಸಾಲ ಕೊಟ್ಟವನು ಬಂದು ಬಾಗಿಲು ಬಡಿದಾಗ ಆ ಬಡಪಾಯಿಯ ಹತ್ತಿರ ಉಳಿಯುವುದೇನು? ಸಾಲ ಹಾಗೇ ಇದೆ, ಅದರ ಮೇಲೆ ತನ್ನ ನಂಬಿಕೆ ಸಾಲಲಿಲ್ಲವೇನೋ ಎನ್ನುವ ಅಳುಕು ಬೇರೆ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಊರು ಗದಗ-ಬೆಟಗೇರಿ, ಬಾಸೆಲ್ ಮಿಶನ್ನಿನ ಹಳೇ ಸಭೆಯ ಮನೆತನ, ಅಜ್ಜ ನೇಕಾರ. 1985ರಲ್ಲಿ ಇಲ್ಲಿನ ಬಂದರಿನ ಹತ್ತಿರದ ಒಂದು ಕಚೇರಿಗೆ ಗುಮಾಸ್ತನಾಗಿ ಬಂದವನು ಇಲ್ಲೇ ಬೇರು ಬಿಟ್ಟೆ. ಭಾನುವಾರ ತೆಲುಗು ಆರಾಧನೆ, ಮನೆಯಲ್ಲಿ ಕನ್ನಡ ಬೈಬಲ್, ಮೊಮ್ಮಕ್ಕಳಿಗೆ ಇಂಗ್ಲಿಷ್ ಕಥೆ... ನಮ್ಮಂಥ ವಲಸೆಯವರ ಮನೆಗಳ ಹಣೆಬರಹ ನಿಮಗೆ ಗೊತ್ತೇ ಇದೆ.

ಹೀಗೆ ಎರಡು ಭಾಷೆಯ ಬೈಬಲ್ ಅಕ್ಕಪಕ್ಕ ಇಟ್ಟುಕೊಂಡು ಬದುಕಿದ್ದರಿಂದ ಒಂದು ಲಾಭವಾಯಿತು. ಇಂಗ್ಲಿಷಿನವರು ಹೋಪ್ ಅಂತಾರಲ್ಲ, ಅದಕ್ಕೆ ಕನ್ನಡ ಬೈಬಲ್ಲಿನಲ್ಲಿ ಇರುವ ಪದ ನಿರೀಕ್ಷೆ. ತೆಲುಗಿನಲ್ಲಿ ನಿರೀಕ್ಷಣ. ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 13ನೇ ಅಧ್ಯಾಯದ ಕೊನೆಯಲ್ಲಿ ನಂಬಿಕೆ ಮತ್ತು ಪ್ರೀತಿಯ ನಡುವೆ ಕೂತಿರುವುದು ಇದೇ ಪದ. ಎರಡೂ ಭಾಷೆಯ ಅನುವಾದಕರಿಗೆ ಆಸೆ, ಆಶೆ, ಭರವಸೆ ಎಲ್ಲ ಕೈಗೆಟುಕುವಲ್ಲೇ ಇದ್ದವು. ಅವರು ಆರಿಸಿಕೊಂಡದ್ದು ಕಾಯುವ ಪದವನ್ನು. ಕಚೇರಿಯಲ್ಲಿ ಇಡೀ ಆಯುಷ್ಯ ಕಳೆದ ನನಗೆ ನಿರೀಕ್ಷಣಾ ಕೊಠಡಿ, ನಿರೀಕ್ಷಣಾ ಜಾಮೀನು ಎನ್ನುವ ಮಾತುಗಳೇ ಮೊದಲು ನೆನಪಾಗುತ್ತವೆ. ನಗಬೇಡಿ, ಅರ್ಥ ಅಲ್ಲಿಯೇ ಇದೆ. ರೈಲು ಇನ್ನೂ ಬಂದಿಲ್ಲ, ಆದರೆ ಬೆಂಚಿನ ಮೇಲೆ ಗಂಟುಮೂಟೆ ಇಟ್ಟುಕೊಂಡು ಕೂತಿದ್ದೇವೆ, ಮನೆಗೆ ವಾಪಸ್ ಹೋಗಿಲ್ಲ. ಫ್ಲೆಕ್ಸಿನವರು ಮಾರುವುದು ಆಸೆ. ಪೌಲ ಬರೆದದ್ದು ಬೇರೆ ಸರಕು.

ಈ ಯೋಚನೆ ಮನಸ್ಸಿನಲ್ಲಿ ಬಲವಾದದ್ದು 2024ರಲ್ಲಿ, ಬೆಜವಾಡದ ನೆರೆಯ ನಂತರ. (ವಿಜಯವಾಡ ಅಂತ ಎಷ್ಟೇ ಬರೆದರೂ ಇಲ್ಲಿಯವರ ಬಾಯಲ್ಲಿ ಬರುವುದು ಬೆಜವಾಡವೇ.) ಅಲ್ಲಿ ನನ್ನ ಹಳೆಯ ಗೆಳೆಯರೊಬ್ಬರಿದ್ದಾರೆ, ಕುಂದಾಪುರ ಕಡೆಯವರು, ಸಿಂಗ್‌ನಗರದಲ್ಲಿ ಸಣ್ಣ ಟಿಫಿನ್ ಹೋಟೆಲು. ಆ ವರ್ಷ ಸೆಪ್ಟೆಂಬರ್ 1, ಭಾನುವಾರ. ಬುಡಮೇರು ಅನ್ನುವ ಹಳ್ಳದ ಏರಿ ಒಡೆದು ನೀರು ಊರೊಳಗೆ ನುಗ್ಗಿತು. ಬೇರೆ ದಿನಗಳಲ್ಲಿ ಅದನ್ನು ಯಾರೂ ತಿರುಗಿಯೂ ನೋಡುವುದಿಲ್ಲ, ಕೊಲ್ಲೇರು ಸರೋವರದ ಕಡೆ ತನ್ನ ಪಾಡಿಗೆ ಹರಿದುಹೋಗುವ ಹಳ್ಳ. ಅದೇ ಹೊತ್ತಿಗೆ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ ದಾಟಿ ದಾಖಲೆ ಮಟ್ಟದಲ್ಲಿ ಹರಿಯುತ್ತಿದ್ದಳು. ಹಳ್ಳದ ನೀರನ್ನು ತಿರುಗಿಸಿ ನದಿಗೆ ಬಿಡೋಣವೆಂದರೆ ನದಿಯೇ ತುಂಬಿ ನಿಂತಿದೆ. ಸಿಂಗ್‌ನಗರದಲ್ಲಿ ನೀರು ದಿನಗಟ್ಟಲೆ ಇಳಿಯಲಿಲ್ಲ. ಡ್ರೋನಿನಲ್ಲಿ ಊಟದ ಪೊಟ್ಟಣ ಇಳಿಸಿದರು, ನೀರು ಇಳಿದ ಮೇಲೆ ಬೆಂಕಿ ನಂದಿಸುವ ಗಾಡಿಗಳನ್ನೇ ತಂದು ಮನೆಗಳ ಕೆಸರು ತೊಳೆದರು. ಇದೆಲ್ಲ ನೀವು ಟೀವಿಯಲ್ಲಿ ನೋಡಿರುತ್ತೀರಿ.

ರೈಲುಗಳು ಸರಿಯಾದ ಮೇಲೆ ರತ್ನಾಚಲ್ ಹತ್ತಿ ಹೋದೆ. ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ. ಗ್ರೈಂಡರು, ಫ್ರಿಜ್ಜು, ಆ ತಿಂಗಳಿಗೆ ತಂದಿಟ್ಟ ಅಕ್ಕಿ ಮೂಟೆ, ಉದ್ದಿನಬೇಳೆ ಎಲ್ಲ ಹೋಗಿತ್ತು. ಒದ್ದೆ ಬೇಳೆಯ ವಾಸನೆ ಹೇಗಿರುತ್ತದೆ ಅಂತ ಹೋಟೆಲಿನವರಿಗೆ ಕೇಳಿ. ನಾನು ಪ್ಯಾಂಟು ಮಡಚಿಕೊಂಡು ಪಾತ್ರೆ ತಿಕ್ಕುವುದಕ್ಕೆ ಕೂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು.

"ಎಂತ ಮಾರಾಯ್ರೆ, ನಮ್ಮ ಕೃಷ್ಣನೂ ಕಾಣ್ಲಿಲ್ಲ, ನಿಮ್ಮ ಯೇಸುವೂ ಕಾಣ್ಲಿಲ್ಲ. ನೀವು ಪ್ರತಿ ವಾರ ಹೋಗಿ ನಿರೀಕ್ಷೆ ನಿರೀಕ್ಷೆ ಅಂತ ಹಾಡ್ತೀರಲ್ಲ, ಅದು ಬರುದು ಎಲ್ಲಿಂದ?"

ಆ ದಿನ ನಾನು ಉತ್ತರ ಕೊಡಲಿಲ್ಲ. ಯೋಬನ ಕಥೆ ಗೊತ್ತಿದ್ದವರಿಗೆ ನೆನಪಿರುತ್ತದೆ, ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನನ್ನು ನೋಡಲು ಮೂವರು ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಬಾಯಿ ಬಿಡದೆ ಪಕ್ಕದಲ್ಲಿ ಕೂತರು. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೇ ದಿನ ಬಾಯಿ ಬಿಟ್ಟರು, ಕೆಟ್ಟರು. ಹಾಗಾಗಿ ಪಾತ್ರೆ ತಿಕ್ಕಿ ಬಂದೆ. ಆದರೆ ವಾಪಸ್ ಬರುವಾಗ ತುನಿ ದಾಟುವವರೆಗೂ ಆ ಪ್ರಶ್ನೆ ತಲೆಯಲ್ಲಿತ್ತು. ಉತ್ತರ ಅಂತ ನನಗೆ ಹೊಳೆದದ್ದು ಉಪದೇಶವಲ್ಲ, ಈ ಎರಡು ಊರಿನ ಚರಿತ್ರೆ.

1805ರಲ್ಲಿ ಲಂಡನ್ ಮಿಶನರಿ ಸೊಸೈಟಿಯ ಇಬ್ಬರು ವಿಶಾಖಪಟ್ಟಣಕ್ಕೆ ಬಂದರು, ಜಾರ್ಜ್ ಕ್ರಾನ್ ಮತ್ತು ಆಗಸ್ಟಸ್ ದೆ ಗ್ರಾಂಜ್. ತೆಲುಗು ಕಲಿತು ಸುವಾರ್ತೆಗಳನ್ನು ಅನುವಾದಿಸುವುದು ಅವರ ಉದ್ದೇಶ. ಕ್ರೈಸ್ತನಾಗಿದ್ದ ಆನಂದರಾಯ ಎಂಬ ಬ್ರಾಹ್ಮಣನ ನೆರವು ಸಿಕ್ಕಿತು, ಕೆಲಸ ಒಂದಿಷ್ಟು ಮುಂದೆ ಸರಿಯಿತು. 1809ರಲ್ಲಿ ಕ್ರಾನ್ ತೀರಿಕೊಂಡರು. 1810ರಲ್ಲಿ ದೆ ಗ್ರಾಂಜ್ ಹೋದರು. ಬಂದು ಐದೇ ವರ್ಷ! ಅವರು ಮುಗಿಸಿದ ಮತ್ತಾಯ, ಮಾರ್ಕ, ಲೂಕ ಸುವಾರ್ತೆಗಳು ದೂರದ ಬಂಗಾಳದ ಸೇರಾಂಪುರದಲ್ಲಿ ಅಚ್ಚಾಗಿ ಬಂದದ್ದು 1812ರಲ್ಲಿ, ನೋಡಲು ಇಬ್ಬರೂ ಇರಲಿಲ್ಲ. ಅವರ ಜಾಗಕ್ಕೆ ಬಂದ ಎಡ್ವರ್ಡ್ ಪ್ರಿಚೆಟ್ ಹೊಸ ಒಡಂಬಡಿಕೆಯನ್ನು 1818ಕ್ಕೆ ಮುಗಿಸಿ ಎರಡು ವರ್ಷಕ್ಕೆ ತಾವೂ ಮಣ್ಣಾದರು. ಪೂರ್ತಿ ತೆಲುಗು ಬೈಬಲ್ ಕೈಗೆ ಬರುವಷ್ಟರಲ್ಲಿ 1850ರ ದಶಕ. ಒಬ್ಬ ಅರ್ಧಕ್ಕೆ ಬಿಟ್ಟ ಪುಟವನ್ನು ಇನ್ನೊಬ್ಬ ಎತ್ತಿಕೊಳ್ಳುತ್ತ ಹೋಗಿ ಸುಮಾರು ಅರ್ಧ ಶತಮಾನ.

ಕನ್ನಡದವರಿಗೂ ಇದು ನಂಟಿನ ಕಥೆಯೇ. ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ, ಅಂದರೆ ಇಲ್ಲಿ ದೆ ಗ್ರಾಂಜ್ ಸತ್ತ ವರ್ಷವೇ, ಬಳ್ಳಾರಿಗೆ ಬಂದರು. ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾದದ್ದು 1831ರ ಹೊತ್ತಿಗೆ. ಅವರಿಗೆ ದೀರ್ಘಾಯುಷ್ಯವಿತ್ತು, ತಮ್ಮ ಕೆಲಸ ತಾವೇ ನೋಡಿದರು. ಕ್ರಾನ್‌ಗೆ ಅದಿರಲಿಲ್ಲ. ಹಾಗಂತ ಒಬ್ಬನ ನಂಬಿಕೆ ಗಟ್ಟಿ, ಇನ್ನೊಬ್ಬನದು ಜಳ್ಳು ಅನ್ನುವುದಕ್ಕಾಗುತ್ತದೆಯೇ? ಫ್ಲೆಕ್ಸಿನ ಲೆಕ್ಕದಲ್ಲಿ ಹಾಗೇ ಆಗುತ್ತದೆ.

ಇದಕ್ಕಿಂತ ನನಗೆ ಇಷ್ಟವಾದ ಕಥೆ ಇನ್ನೊಂದಿದೆ. ಸ್ಯಾಮ್ಯುಯೆಲ್ ಡೇ ಎಂಬ ಅಮೆರಿಕನ್ ಬ್ಯಾಪ್ಟಿಸ್ಟರು 1836ರಲ್ಲಿ ತೆಲುಗು ನಾಡಿನಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ವಿಶಾಖಪಟ್ಟಣದಲ್ಲೇ. ಇಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಶ್ರೀಕಾಕುಳ, ಮದ್ರಾಸು ಅಂತ ಸುತ್ತಿ 1840ರಲ್ಲಿ ನೆಲ್ಲೂರು ಸೇರಿದರು. ವರ್ಷಗಳು ಕಳೆದರೂ ಸಭೆಗೆ ಸೇರಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಮೆರಿಕದಲ್ಲಿ ಕೂತು ಹಣ ಕಳಿಸುವವರಿಗೆ ಬೇಸರ ಬಂತು. ಇದನ್ನು ಮುಚ್ಚಿಬಿಡೋಣ ಅಂತ ಮತ್ತೆ ಮತ್ತೆ ಚರ್ಚೆ. 1853ರಲ್ಲಿ ಆಲ್ಬನಿ ಎಂಬಲ್ಲಿ ಸೇರಿದ ಸಭೆಯಲ್ಲಂತೂ ಮುಚ್ಚುವುದು ಖಾಯಂ ಅನ್ನುವ ಹಾಗಿತ್ತು. ನಕಾಶೆಯಲ್ಲಿ ಒಂಟಿ ಚುಕ್ಕೆ ಅಂತ ಯಾರೋ ಅಂದದ್ದನ್ನೇ ಹಿಡಿದು ಸ್ಯಾಮ್ಯುಯೆಲ್ ಸ್ಮಿತ್ ಎಂಬ ಕವಿ ರಾತ್ರಿ ಕೂತು ಒಂದು ಪದ್ಯ ಬರೆದರು, ಮಾರನೇ ದಿನ ಅದನ್ನು ಓದಿದಾಗ ಮುಚ್ಚುವ ಮಾತು ನಿಂತಿತು. ಒಂಟಿ ನಕ್ಷತ್ರದ ಮಿಶನ್ ಅನ್ನುವ ಹೆಸರು ಹಾಗೆ ಅಂಟಿಕೊಂಡದ್ದು. ಆ ಸುದ್ದಿ ಇಲ್ಲಿಗೆ ಹಡಗಿನಲ್ಲಿ ಬರಬೇಕಲ್ಲ. ಅತ್ತ ಏನು ತೀರ್ಮಾನವಾದರೂ ಇತ್ತ ಲೈಮನ್ ಜ್ಯುವೆಟ್ ಎಂಬವರು 1854ರ ಹೊಸವರ್ಷದ ಬೆಳಗಿನ ಜಾವ ಒಂಗೋಲಿನ ಗುಡ್ಡ ಹತ್ತಿದರು. ಅವರು, ಅವರ ಹೆಂಡತಿ, ಮೂವರು ತೆಲುಗು ಕ್ರೈಸ್ತರು, ಒಟ್ಟು ಐದೇ ಜನ. ಕೆಳಗೆ ಮಲಗಿರುವ ಊರಿಗೆ ಒಬ್ಬ ಕೆಲಸಗಾರನನ್ನು ಕೊಡು ಅಂತ ಬೇಡಿದರು. ಬೆಜವಾಡದಿಂದ ಮದ್ರಾಸಿನ ದಾರಿಯಲ್ಲಿ ಹೋಗುವವರಿಗೆ ಒಂಗೋಲು ಗೊತ್ತಿರುತ್ತದೆ. ಆ ಗುಡ್ಡಕ್ಕೆ ಇವತ್ತಿಗೂ ಪ್ರಾರ್ಥನೆಯ ಗುಡ್ಡ ಅಂತಲೇ ಹೆಸರು.

ಆ ಕೆಲಸಗಾರ ಒಂಗೋಲಿಗೆ ಬಂದು ನೆಲೆಸಿದ್ದು 1866ರಲ್ಲಿ. ಹನ್ನೆರಡು ವರ್ಷ ಬೇಕಾಯಿತು! ಅದೂ ಹೇಗೆ ಬಂದರು ನೋಡಿ. ಜ್ಯುವೆಟ್ ಆರೋಗ್ಯ ಕೆಟ್ಟು ಅಮೆರಿಕಕ್ಕೆ ಹೋಗಿದ್ದಾಗ ಮತ್ತೆ ಮುಚ್ಚುವ ಮಾತು ಬಂತು. ನೀವು ಮುಚ್ಚಿದರೂ ನಾನೊಬ್ಬನೇ ಹೋಗಿ ಅಲ್ಲೇ ಸಾಯುತ್ತೇನೆ ಅಂತ ಹಟ ಹಿಡಿದರು ಜ್ಯುವೆಟ್. ಹಾಗಾದರೆ ನಿಮ್ಮನ್ನು ಮಣ್ಣು ಮಾಡುವುದಕ್ಕಾದರೂ ಜೊತೆಗೆ ಒಬ್ಬರನ್ನು ಕಳಿಸಬೇಕಾಗುತ್ತದೆ ಅಂದರಂತೆ ಅಲ್ಲಿನ ಕಾರ್ಯದರ್ಶಿ. ಜೊತೆಗೆ ಬಂದವರು ಜಾನ್ ಕ್ಲೋ. ಪಾದ್ರಿಯಾಗುವ ಮೊದಲು ಸರ್ವೇಯರ್ ಕೆಲಸ ಮಾಡಿದ್ದವರು.

ಕ್ಲೋ ಅವರಿಗೆ ಮೊದಲು ಎದುರಾದದ್ದು ಜಾತಿಯ ಪ್ರಶ್ನೆ. ಎರ್ರಗುಂಟ್ಲ ಪೇರಯ್ಯ ಎಂಬ ಮಾದಿಗರ ಹಿರಿಯರೊಬ್ಬರು, ತೊಗಲಿನ ವ್ಯಾಪಾರ ಮಾಡುವವರು, ಕ್ರೈಸ್ತರಾಗಿ ತಮ್ಮ ಜನರನ್ನೂ ಕರೆತಂದರು. ಇವರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ ಅಂತ ಮೇಲ್ಜಾತಿಯವರು ಹೇಳಿದರು. ಕ್ಲೋ ಮಾದಿಗರ ಜೊತೆ ನಿಂತರು. ಮೇಲ್ಜಾತಿಯವರು ದೂರವಾದರು. ಇದೂ ಒಂದು ನಷ್ಟವೇ, ಆದರೆ ಆ ನಷ್ಟ ಒಪ್ಪಿಕೊಳ್ಳದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಆಮೇಲೆ 1876ರಿಂದ 78ರ ಮಹಾ ಬರ. ನಮ್ಮ ಕಡೆ ಧಾತು ಸಂವತ್ಸರದ ಬರ ಅಂತಾರಲ್ಲ, ಅದೇ. ಬಳ್ಳಾರಿ, ಧಾರವಾಡ ಎಲ್ಲ ಹಣ್ಣಾದ ವರ್ಷಗಳು. ಸರ್ಕಾರ ಬರಪರಿಹಾರಕ್ಕೆ ಅಂತ ಬಕಿಂಗ್‌ಹ್ಯಾಂ ಕಾಲುವೆ ತೋಡಿಸುತ್ತಿತ್ತು. ಮದ್ರಾಸಿನಿಂದ ಕರಾವಳಿಗುಂಟ ಬಂದು ಕೊಮ್ಮಮೂರು ಕಾಲುವೆಯ ಮೂಲಕ ಬೆಜವಾಡದ ಕೃಷ್ಣೆಯನ್ನು ಮುಟ್ಟುವ ಜಲಮಾರ್ಗ ಅದು. ಕ್ಲೋ ಹೋಗಿ ಅದರಲ್ಲಿ ಮೂರೂವರೆ ಮೈಲಿಯ ಕಂತ್ರಾಟು ತಾವೇ ಹಿಡಿದರು. ಹಳೇ ಸರ್ವೇಯರ್ ವಿದ್ಯೆ ಕೆಲಸಕ್ಕೆ ಬಂತು. ತೆಲುಗು ಪ್ರಚಾರಕರೇ ಮೇಸ್ತ್ರಿಗಳು. ಸಾವಿರಾರು ಜನ ಮಣ್ಣು ಹೊತ್ತರು, ಕೂಲಿ ಪಡೆದು ಉಂಡರು, ಸಂಜೆ ಗುಡಾರಗಳ ನಡುವೆ ಪ್ರಚಾರಕರು ಕೂತು ಮಾತಾಡಿದರು.

ಇಲ್ಲಿ ಬರುತ್ತದೆ ನನಗೆ ಬೇಕಾದ ಸಂಗತಿ. ಜನ ನಮಗೆ ದೀಕ್ಷಾಸ್ನಾನ ಕೊಡಿ ಅಂತ ಗುಂಪುಗುಂಪಾಗಿ ಬಂದರು. ಕ್ಲೋ ಕೊಡಲಿಲ್ಲ. ಅನ್ನದಾಸೆಗೆ ಬರುವವರು ಬೇಡ, ಬರ ಮುಗಿಯಲಿ, ಹಂಚುವ ಹಣ ಮುಗಿಯಲಿ, ಆಗಲೂ ಬೇಕೆನ್ನಿಸಿದರೆ ಬನ್ನಿ ಅಂತ ಹದಿನೈದು ತಿಂಗಳು ಒಬ್ಬರಿಗೂ ಕೊಡದೆ ಕಾದರು. ಇಪ್ಪತ್ತೈದು ಮೂವತ್ತು ವರ್ಷ ಜನ ಬರಲಿ ಬರಲಿ ಅಂತ ಹಂಬಲಿಸಿದ ಮಿಶನ್ನು, ಮುಚ್ಚುವ ಭಯದಲ್ಲೇ ಬದುಕಿದ ಮಿಶನ್ನು, ಜನ ಬಾಗಿಲಿಗೆ ಬಂದು ನಿಂತಾಗ ಕಾಯಿರಿ ಅಂದಿತು. ಆಸೆಗೆ ಬಿದ್ದವನಿಗೆ ಈ ಕೆಲಸ ಆಗುವುದಿಲ್ಲ. ಬರ ತೀರಿದ ಮೇಲೆ, 1878ರ ಜುಲೈ 3ರಂದು, ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಕೊಟ್ಟವರು ಆರು ಮಂದಿ ತೆಲುಗು ಬೋಧಕರು, ಒಮ್ಮೆಗೆ ಇಬ್ಬರಂತೆ ನೀರಿನಲ್ಲಿ ನಿಂತು. ಈ ಸಂಖ್ಯೆಯನ್ನು ಇಲ್ಲಿನ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅಕ್ಕಿಗೆ ಮತ ಮಾರಿದವರು ಅಂತ ಹಂಗಿಸುವವರೂ ಇದ್ದಾರೆ. ಇಬ್ಬರೂ ಆ ಹದಿನೈದು ತಿಂಗಳನ್ನು ಮರೆಯುತ್ತಾರೆ ಅನ್ನುವುದು ನನ್ನ ತಕರಾರು. ಆ ಜನರಿಗೆ ಹೊಟ್ಟೆಗೆ ಅನ್ನದ ಜೊತೆ ಮನುಷ್ಯ ಅನ್ನುವ ಮರ್ಯಾದೆಯೂ ಬೇಕಿತ್ತು. ಅದು ಬೇಕೆನ್ನುವುದು ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

2025ರ ಫೆಬ್ರವರಿಯಲ್ಲಿ ಮತ್ತೆ ಬೆಜವಾಡಕ್ಕೆ ಹೋಗಿದ್ದೆ. ಗುಣದಲ ಮಾತೆಯ ಉತ್ಸವ, ಪ್ರತಿ ವರ್ಷ 9, 10, 11. ಇಟಲಿಯ ಪಾದ್ರಿ ಆರ್ಲಾಟಿಯವರು 1924ರಲ್ಲಿ ಅಲ್ಲಿನ ಗುಡ್ಡದಲ್ಲಿ ಲೂರ್ದು ಮಾತೆಯ ಪ್ರತಿಮೆ ಇಟ್ಟಲ್ಲಿಂದ ಶುರುವಾದ ಕ್ಷೇತ್ರ. ನಾವು ಪ್ರಾಟೆಸ್ಟಂಟರು, ಮಾತೆಗೆ ಹರಕೆ ಹೊರುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಗೆಳೆಯರ ಹೆಂಡತಿ, ಅವರು ಹಿಂದೂಗಳೇ, ಪ್ರತಿ ವರ್ಷ ಆ ಗುಡ್ಡ ಹತ್ತುತ್ತಾರೆ. ಅಲ್ಲಿ ಅವರಂಥವರೇ ಬಹಳ. ತೆಂಗಿನಕಾಯಿ ಒಡೆಯುವವರು, ಮುಡಿ ಕೊಡುವವರು... ತಿರುಪತಿಯೋ ಗುಣದಲವೋ ಅನ್ನುವಷ್ಟು ಬೋಳುತಲೆಗಳು. ನನಗೆ ಮೊದಮೊದಲು ಇರುಸುಮುರುಸಾಗುತ್ತಿತ್ತು, ಈಗಿಲ್ಲ.

ಹೋಟೆಲು ಆಗಷ್ಟೇ ಮತ್ತೆ ತೆರೆದಿತ್ತು. ಸಾಲ ಮಾಡಿ ತಂದ ಗ್ರೈಂಡರು, ಬಣ್ಣ ಬಳಿದರೂ ಅಲ್ಲಲ್ಲಿ ಇಣುಕುವ ಕೆಸರಿನ ಗೆರೆ. ಮೆಟ್ಟಿಲು ಹತ್ತುತ್ತ ಕೇಳಿದೆ, "ಈ ವರ್ಷ ಎಂಥ ಬೇಡ್ಕೊಂಡ್ರಿ ಅಕ್ಕ?"

"ಎಂತ ಬೇಡುದು? ಹೋದ ವರ್ಷ ಬಂದಿದ್ದೆ, ಈ ವರ್ಷವೂ ಬಂದೆ" ಅಂದರು ಏದುಸಿರು ಬಿಡುತ್ತ. ಮುಂದೆ ಒಂದು ಮಾತೂ ಇಲ್ಲ.

ಗೆಳೆಯರಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂಗೋಲಿನ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡವರು ಕೊನೆಗೆ ನಕ್ಕರು. "ಹಾಗಾದ್ರೆ ಹೆಣ ಹೂಳ್ಲಿಕ್ಕೆ ಬಂದವ ಕಾಲುವೆ ತೋಡಿದ್ದಾ!" ಅವರ ಪ್ರಶ್ನೆಗೆ ಉತ್ತರವಾಯಿತೋ ಇಲ್ಲವೋ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾತು ಉದ್ದಿನಬೇಳೆಯ ರೇಟಿಗೆ ತಿರುಗಿತು.

ಇದನ್ನೆಲ್ಲ ಬರೆಯುವುದಕ್ಕೆ ನನಗೇನು ಅಧಿಕಾರ ಅಂತ ಕೇಳುವವರಿದ್ದರೆ ಒಂದು ಮಾತು. 2021ರ ಮೇ ತಿಂಗಳಲ್ಲಿ ನನ್ನಾಕೆ ಹೋದಳು. ಎರಡನೇ ಅಲೆಯ ದಿನಗಳು ಹೇಗಿದ್ದವು ಅಂತ ನಿಮಗೆ ಹೇಳಬೇಕಾಗಿಲ್ಲ. ಆಕ್ಸಿಜನ್ ಇರುವ ಹಾಸಿಗೆಗಾಗಿ ಒಂದು ರಾತ್ರಿ ಇಡೀ ಆಂಬುಲೆನ್ಸಿನಲ್ಲಿ ಸುತ್ತಿದೆವು. ಸಮಾಧಿಯ ಹತ್ತಿರ ನಾಲ್ಕೇ ಜನ. ಮಗ ಫೋನಿನಲ್ಲಿ ನೋಡಿದ. ಆಮೇಲೆ ಎಷ್ಟೋ ಜನ ಫೋನ್ ಮಾಡಿ ದೇವರ ಚಿತ್ತ ಅಂದರು, ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಅಂದರು. ಪ್ರೀತಿಯಿಂದಲೇ ಅಂದರು. ಆದರೂ ಫೋನ್ ಇಟ್ಟ ಮೇಲೆ ಮನೆ ಇನ್ನಷ್ಟು ಖಾಲಿಯಾಗುತ್ತಿತ್ತು.

ಆಗ ನನ್ನ ಕೈ ಹಿಡಿದದ್ದು ಎರಡು. ಒಂದು, ಕೀರ್ತನೆಗಳ ಪುಸ್ತಕ. ಅದರಲ್ಲಿ ಮೂರರಲ್ಲಿ ಒಂದು ಪಾಲು ಬರೀ ಗೋಳು, ದೇವರ ಜೊತೆ ಜಗಳ, ಎಲ್ಲಿ ಹೋದೆ, ಯಾಕೆ ಮುಖ ಮರೆಸಿಕೊಂಡೆ ಅನ್ನುವ ಆಕ್ಷೇಪ. ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆ ಕೀರ್ತನೆಯನ್ನು ಯಾರೋ ಬರೆದು, ಯಾರೋ ಇದೂ ಇರಲಿ ಅಂತ ಪವಿತ್ರ ಪುಸ್ತಕದಲ್ಲಿ ಸೇರಿಸಿದರಲ್ಲ, ಅವರಿಗೆ ನಾನು ಋಣಿ. ನಿರೀಕ್ಷೆ ಇಲ್ಲದವನು ಜಗಳ ಆಡುವುದಿಲ್ಲ. ಕೇಳಿಸಿಕೊಳ್ಳುವವನು ಇದ್ದಾನೆ ಅನ್ನುವವನೇ ಕೂಗುವುದು. ಈಗಿನ ನಮ್ಮ ಆರಾಧನೆಗಳಲ್ಲಿ ಕೀಬೋರ್ಡು, ಡ್ರಮ್ಮು, ಚಪ್ಪಾಳೆ, ಎಲ್ಲ ಹಾಡೂ ಗೆಲುವಿನದ್ದೇ. ಸೋತು ಬಂದವನು ಯಾವ ಹಾಡು ಹಾಡಬೇಕು? ಹಳೇ ಆಂಧ್ರ ಕ್ರೈಸ್ತವ ಕೀರ್ತನೆಗಳಲ್ಲಿ, ಪುರುಷೋತ್ತಮ ಚೌಧರಿಯಂಥವರ ರಚನೆಗಳಲ್ಲಿ ಪಶ್ಚಾತ್ತಾಪಕ್ಕೂ ದುಃಖಕ್ಕೂ ರಾಗ ಇದೆ. ಪುಸ್ತಕ ಬೆಂಚಿನ ಮೇಲೆ ಇದ್ದೇ ಇದೆ, ತೆರೆಯುವವರು ಕಡಿಮೆ.

ಎರಡನೆಯದು, ಪಕ್ಕದ ಮನೆಯ ತೆಲುಗು ತಾಯಿ. ಅವರು ಉಪದೇಶ ಮಾಡಲಿಲ್ಲ. ಸುಮಾರು ಒಂದೂವರೆ ತಿಂಗಳು ಪ್ರತಿ ಮಧ್ಯಾಹ್ನ ಬಾಗಿಲ ಹತ್ತಿರ ಒಂದು ಚೊಂಬು ಚಾರು, ಒಂದು ಡಬ್ಬಿ ಅನ್ನ ಇಟ್ಟು, "ಅನ್ನಯ್ಯಗಾರೂ" ಅಂತ ಕೂಗಿ ಹೋಗುತ್ತಿದ್ದರು. ಬೆಳಿಗ್ಗೆ ಎದ್ದರೆ ಇವತ್ತಿಗೆ ಅರ್ಥ ಏನು ಅನ್ನಿಸುತ್ತಿದ್ದ ದಿನಗಳಲ್ಲಿ ನಾನು ಕಾಯುತ್ತಿದ್ದದ್ದು ಆ ಒಂದು ಕೂಗಿಗೆ. ಇದನ್ನು ಕೇಳಿ ಇಷ್ಟೇನಾ ಅನ್ನಿಸಬಹುದು. ನನಗಂತೂ ಅಷ್ಟೇ ಸಿಕ್ಕಿದ್ದು, ಅಷ್ಟು ಸಾಕಾಯಿತು.

ಆ ತಾಯಿಯ ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವರು. 2021ರ ಜನವರಿಯಲ್ಲಿ ಕಾರ್ಖಾನೆಯ ಷೇರು ಪೂರ್ತಿ ಮಾರುವುದಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟ ಮೇಲೆ ಈ ಊರಿನ ಎಷ್ಟೋ ಮನೆಗಳಲ್ಲಿ ನೆಮ್ಮದಿ ಇಲ್ಲ. ಕೂರ್ಮನ್ನಪಾಲೆಂ ಜಂಕ್ಷನ್ನಿನಲ್ಲಿ ಪೆಂಡಾಲ್ ಹಾಕಿ ವರ್ಷಗಟ್ಟಲೆ ಸರದಿ ಉಪವಾಸ ಕೂತರು. 2025ರ ಜನವರಿಯಲ್ಲಿ 11,440 ಕೋಟಿ ರೂಪಾಯಿಯ ಪ್ಯಾಕೇಜು ಘೋಷಣೆಯಾದಾಗ ಪಟಾಕಿ ಹೊಡೆದರು. ಗುತ್ತಿಗೆಯವರ ಮನೆಯಲ್ಲಿ ಮಾತ್ರ ಮುಂದಿನ ತಿಂಗಳ ಚಿಂತೆ ಹಾಗೇ ಇದೆ. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತ, 2020ರ ಮೇ 7ರ ಬೆಳಗಿನ ಜಾವ ವೆಂಕಟಾಪುರದಲ್ಲಿ ಸೋರಿದ ಸ್ಟೈರೀನ್ ಅನಿಲ... ಈ ಊರಿಗೆ ಪೆಟ್ಟು ಹೊಸದಲ್ಲ. ಆದರೆ ಗಾಳಿ ಒಂದು ದಿನ ಬೀಸಿ ಹೋಗುತ್ತದೆ. ನಿಧಾನವಾಗಿ ಕೊರೆಯುವ ಚಿಂತೆಗೆ ಪರಿಹಾರದ ಪೊಟ್ಟಣ ತರುವವರಿಲ್ಲ.

ಇಂಥ ಮನೆಗಳಿಗೆ ಸಭೆಯವರು ಏನು ಹೇಳಬೇಕು? ಒಳ್ಳೆಯದಾಗುತ್ತದೆ ಅಂತ ನಾನಂತೂ ಹೇಳಲಾರೆ, ನನಗೆ ಗೊತ್ತಿಲ್ಲದ್ದನ್ನು ದೇವರ ಹೆಸರಿನಲ್ಲಿ ಹೇಳಬಾರದು. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಕಷ್ಟದಲ್ಲಿರುವವರ ಹೆಸರು ಓದುವ ಪದ್ಧತಿ ಮೊದಲಿನಿಂದಲೂ ಇದೆ. ಹೆಸರು ಓದುತ್ತೇವೆ, ಆಮೆನ್ ಅನ್ನುತ್ತೇವೆ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ನಾನು ಒಂದು ಸಲಹೆ ಕೊಟ್ಟೆ. ಪ್ರತಿ ಹೆಸರಿನ ಮುಂದೆ ಆ ವಾರ ಅವರ ಮನೆಗೆ ಹೋಗಿ ಬರುವವರ ಹೆಸರೂ ಬರೆಯಬೇಕು, ಇಲ್ಲದಿದ್ದರೆ ಆಮೆನ್ ಬೇಡ. ಸ್ವಲ್ಪ ಗದ್ದಲವಾಯಿತು. ಪ್ರಾರ್ಥನೆಗೆ ಷರತ್ತು ಹಾಕುತ್ತೀರಾ ಅಂತ ಹಿರಿಯರೊಬ್ಬರು ಸಿಟ್ಟಾದರು. ಕ್ಲೋ ಪ್ರಾರ್ಥನೆ ಮಾಡಿ ಸುಮ್ಮನಿದ್ದಿದ್ದರೆ ಕಾಲುವೆ ಯಾರು ತೋಡುತ್ತಿದ್ದರು ಅಂತ ನಾನೂ ಬಿಡಲಿಲ್ಲ. ಕೊನೆಗೆ ಪಟ್ಟಿಯಲ್ಲಿ ಇನ್ನೊಂದು ಕಾಲಂ ಎಳೆದರು.

ಹೋದ ಬುಧವಾರ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು. ಒಂಬತ್ತರ ಮುಂದೆ ಹೋಗುವವರು ಸಿಕ್ಕರು. ಉಳಿದ ಎರಡು ಮನೆ ಮಲ್ಕಾಪುರಂ ಕಡೆ, ನಮಗೆ ದೂರ. ಶನಿವಾರ ಮಂಡಿನೋವು ಸ್ವಲ್ಪ ಕಡಿಮೆಯಿದ್ದರೆ ಬಸ್ಸಿನಲ್ಲಿ ಹೋಗಿ ಬರಬೇಕು ಅಂತಿದ್ದೇನೆ.